ಭರಮಣ್ಣ ಕಾಕಾನಿಗೆ ಏನು ಗೊತ್ತಿತ್ತು?

ಕಳೆದ ವಾರ ಲಾಂಡ್ರಿಗೆ ಕೊಟ್ಟಿದ್ದ ಉಣ್ಣೆಯ ಕೋಟು ಮನೆಗೆ ಬಂತು. ಸುತ್ತಿದ್ದ ಕಾಗದ ಬಿಚ್ಚುತ್ತಲೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಎಣ್ಣೆಯ ಕಲೆ ತೆಗೆಯಲು ನಮ್ಮ ಲಾಂಡ್ರಿಯವನು ಇನ್ನೂ ಹಳೆಯ ಪದ್ಧತಿಯನ್ನೇ ಇಟ್ಟುಕೊಂಡಿದ್ದಾನೆ. ಅದರಲ್ಲಿ ವಿಶೇಷವೇನೂ ಇಲ್ಲ. ಆದರೂ ನಾನು ಕೋಟಿನ ತೋಳನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದೆ. ಒಳಗಿನ ಅಸ್ತರು ಮಗುಚಿ ನೋಡಿದೆ, ಗುಂಡಿಗಳನ್ನು ಜಗ್ಗಿದೆ. ಇದು ನಮ್ಮದೇ ಕೋಟೋ, ಬೇರೆ ಯಾರದ್ದನ್ನೋ ಕೊಟ್ಟು ಕೈ ತೊಳೆದುಕೊಂಡನೋ ಎಂಬ ಗುಮಾನಿ. ಕಾಲರಿನ ಒಳಗೆ ನಾನೇ ಹಾಕಿದ್ದ ಕೆಂಪು ದಾರದ ಗುರುತು ಕಂಡ ಮೇಲೆಯೇ ಸಮಾಧಾನ.

ನಗಬೇಡಿ. ಈ ಮೂಗು ನನ್ನದಲ್ಲ, ನಮ್ಮಪ್ಪನದು. ಅವನ ಆಸ್ತಿಯಲ್ಲಿ ಹೆಣ್ಣುಮಗಳಾದ ನನ್ನ ಪಾಲಿಗೆ ಬಂದದ್ದು ಇದೊಂದೇ. ಪೆಟ್ರೋಲಿನ ವಾಸನೆ ಬಂದಾಗಲೆಲ್ಲ ಅಪ್ಪ ಕಣ್ಣ ಮುಂದೆ ಬರುವುದಕ್ಕೆ ಬೇರೆಯೇ ಕಾರಣವಿದೆ; ಅದನ್ನು ಹೇಳುವುದಕ್ಕೆ ಮೊದಲು ಅಪ್ಪ ಎಂಥವನೆಂದು ನಿಮಗೆ ಗೊತ್ತಾಗಬೇಕು.

ಇಚಲಕರಂಜಿಯಲ್ಲಿ ನಮ್ಮದೊಂದು ಮಗ್ಗದ ಶೆಡ್ಡು ಇತ್ತು. ತಗಡಿನ ಮಾಡು, ಅದರ ಕೆಳಗೆ ಹಗಲೆಲ್ಲ ಖಟಾಖಟ್ ಎನ್ನುವ ಕೆಲವು ಪಾವರ್ ಮಗ್ಗಗಳು. ಅಪ್ಪ ಅದರ ಒಬ್ಬ ಯಜಮಾನ. ಮನೆಯಲ್ಲಾಗಲಿ ಶೆಡ್ಡಿನಲ್ಲಾಗಲಿ ಅವನು ಯಾವುದನ್ನೂ ನೇರವಾಗಿ ನಂಬಿದವನಲ್ಲ. ಹಾಲು ತಂದವಳ ಎದುರಿಗೇ ಹಾಲಿನಲ್ಲಿ ಹುಲ್ಲುಕಡ್ಡಿ ಅದ್ದಿ, ಎತ್ತಿ ಹಿಡಿದು, ಹನಿ ಹೇಗೆ ಜಾರುತ್ತದೆಂದು ನೋಡುವನು. ತುಪ್ಪವನ್ನು ಅಂಗೈಗೆ ಸವರಿ ಮೂಸುವನು. ಬಾಗಿಲಿಗೆ ಬೀಗ ಹಾಕಿ ಓಣಿಯ ತುದಿಯವರೆಗೆ ಹೋಗಿ, ಮರಳಿ ಬಂದು ಜಗ್ಗಿ ನೋಡುವನು. ತನ್ನ ಕೈಯ ಮೇಲೂ ಪೂರ್ತಿ ಭರವಸೆಯಿಲ್ಲದೆ ಅವ್ವನಿಗೂ ಒಮ್ಮೆ ಜಗ್ಗಲು ಹೇಳುವನು. ಕೊಲ್ಹಾಪುರದ ಬಸ್ಸು ಹತ್ತುವ ಮೊದಲು ಡ್ರೈವರನ ಕಣ್ಣುಗಳನ್ನು ನೋಡುವನು. ಅವು ಕೆಂಪಗಿದ್ದರೆ ಅಂದಿನ ಪ್ರಯಾಣ ರದ್ದು. ಅವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು: “ಮದವಿ ದಿನಾ ಅಂತರಪಟ ಸರಿಸಿದ ಕೂಡ್ಲೆ ನನ್ನ ಮಾರಿ ಹೆಂಗ ನೋಡಿದ್ರು ಅಂತೀರಿ! ಬ್ಯಾರೆ ಹೆಣ್ಣ ತಂದ ನಿಂದ್ರಸ್ಯಾರೇನೋ ಅಂತ.”

ಇಂಥ ಅಪ್ಪ ಮೂಸಿ ನೋಡದೆ, ಜಗ್ಗಿ ನೋಡದೆ ನಂಬಿದ ಮನುಷ್ಯ ಊರಿನಲ್ಲಿ ಒಬ್ಬನೇ. ಅವನೇ ಭರಮಣ್ಣ ಕಾಕಾ.

ಕಾಕಾ ಶೆಡ್ಡಿನ ಇನ್ನೊಬ್ಬ ಯಜಮಾನ, ಅಪ್ಪನ ಬಾಲ್ಯದ ಗೆಳೆಯ. ಮನೆ ಗಡಹಿಂಗ್ಲಜದಲ್ಲಿ, ಹೊಲ ಅಲ್ಲೇ ಹತ್ತಿರದ ಮಹಾಗಾಂವದಲ್ಲಿ. ತಿಂಗಳಲ್ಲಿ ಅರ್ಧದಷ್ಟು ದಿನ ನಮ್ಮಲ್ಲೇ ಇರುತ್ತಿದ್ದ. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಆ ಹೊತ್ತಿಗೆ ಸರಿಯಾಗಿ ಕಾಕಾನ ದೊಡ್ಡ ದನಿ ಓಣಿಯ ತಿರುವಿನಲ್ಲಿ ಕೇಳಿಸುತ್ತಿತ್ತು, ಆಮೇಲೆ ಅವನು ಕಾಣಿಸುತ್ತಿದ್ದ. ಮಾತೆಲ್ಲ ಬಡಾಯಿ, ನಗೆಯೆಲ್ಲ ಗುಡುಗು. ಅಪ್ಪ ಕೇಳದೆಯೇ ಶೆಡ್ಡಿನ ಕೀಲಿಯನ್ನು ಅವನ ಕೈಗೆ ಕೊಟ್ಟುಬಿಡುತ್ತಿದ್ದ. ಕಾಕಾ ತಂದ ತುಪ್ಪ ನೇರವಾಗಿ ಅಡುಗೆಮನೆಗೆ ಹೋಗುತ್ತಿತ್ತು.

ಕೊನೆಗೆ ಅಪ್ಪ ನನ್ನನ್ನೂ ಹಾಗೆಯೇ ಕೊಟ್ಟ. ಕಾಕಾನ ಮಗ ಶಾಂತುವಿಗೂ ನನಗೂ ಮದುವೆ ಗೊತ್ತಾಯಿತು. ಸಕ್ಕರೆ ಹಂಚಿ ಸಾಖರಪುಡಾ ಶಾಸ್ತ್ರವೂ ಮುಗಿಯಿತು. ಅಂದು ನಾನು ಶಾಂತುವನ್ನು ನೋಡಿದೆ ಎಂದರೆ ಸುಳ್ಳಾದೀತು. ತಲೆ ತಗ್ಗಿಸಿದ್ದರಿಂದ ನನಗೆ ಕಂಡದ್ದು ಅವರ ಪಾದಗಳು ಮಾತ್ರ. ಪಾದಗಳು ಚೆನ್ನಾಗಿದ್ದವು. ಮಿಕ್ಕದ್ದರ ಬಗೆಗೆ ನಾನು ಅಪ್ಪನ ಮಗಳಾಗಿ ತಕ್ಕಷ್ಟು ಸಂಶಯ ಇಟ್ಟುಕೊಂಡಿದ್ದೆ.

ಅದು ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಚಳಿಗಾಲ. ಕೊಲ್ಹಾಪುರದ ಹೊರಗಿನ ಬಯಲಿಗೆ ಒಂದು ಪುಟ್ಟ ವಿಮಾನ ಬಂದಿದೆ, ಪುಣೆಯ ಕಡೆಯ ಪೈಲಟ್ ಒಬ್ಬ ಜನರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಆಕಾಶದಲ್ಲಿ ಒಂದು ಸುತ್ತು ಹಾಕಿಸುತ್ತಾನೆ ಎಂಬ ಸುದ್ದಿ ಹಬ್ಬಿತು. ಭರಮಣ್ಣ ಕಾಕಾ ಕೂಡಲೇ ತನಗೊಂದು ಜಾಗ ಗೊತ್ತು ಮಾಡಿಕೊಂಡು ಬಂದ. ಆಮೇಲೆ ಬಜಾರಿನಲ್ಲಿ ಅವನ ಕಾಟ ತಡೆಯಲಾಗಲಿಲ್ಲ. “ಮ್ಯಾಲಿಂದ ನಿಮ್ಮ ಪಗಡಿ ನೋಡಿ ಕೈ ಬೀಸ್ತೇನಿ, ಎಲ್ಲಾರೂ ಛಲೋ ಪಗಡಿ ಸುತಗೊಂಡ ನಿಂದರ್ರಿ!” ಎಂದು ಅಂಗಡಿ ಅಂಗಡಿಗೂ ಸಾರಿದ. ಕೊಲ್ಹಾಪುರದ ತಾಲೀಮಿನ ಪೈಲವಾನರು ಕೂಡ ಹತ್ತಲು ಹೆದರುತ್ತಾರಂತೆ ಎಂದು ಯಾರೋ ಹೇಳಿದ್ದು ಅವನ ಎದೆಯನ್ನು ಇನ್ನಷ್ಟು ಉಬ್ಬಿಸಿತು. ನಮ್ಮನ್ನೆಲ್ಲ ಒತ್ತಾಯ ಮಾಡಿ ಕರೆದುಕೊಂಡು ಹೋದ.

ಬಯಲಿನಲ್ಲಿ ಜಾತ್ರೆಯಷ್ಟು ಜನ. ಅವ್ವನೂ ನಾನೂ ದೂರದ ಬೇವಿನ ನೆರಳಿನಲ್ಲಿ ನಿಂತೆವು. ಎರಡಂತಸ್ತಿನ ರೆಕ್ಕೆಯ, ಮೇಲ್ಭಾಗ ತೆರೆದ ವಿಮಾನ ಅದು; ಮುಂದೊಬ್ಬ, ಹಿಂದೆ ಪೈಲಟ್, ಅಷ್ಟೇ. ಡಬ್ಬಿಗಳಿಂದ ಪೆಟ್ರೋಲು ಸುರಿಯುತ್ತಿದ್ದರು. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದುದರಿಂದ ಆ ವಾಸನೆಯೆಲ್ಲ ನಮ್ಮ ಸೆರಗಿಗೆ ಹತ್ತಿತು. ಅಪ್ಪ ಹತ್ತಿರ ಹೋಗಿ ರೆಕ್ಕೆಯನ್ನು ಬೆರಳಿನಿಂದ ಬಡಿದು ನೋಡಿ, ಗಾಬರಿಯಿಂದ ವಾಪಸು ಬಂದ.

“ಅರಿವಿ ಐತಿ! ತಗಡಲ್ಲ, ಕಟಗಿ ಅಲ್ಲ. ನಾವು ನೇಯೋ ಅರಿವಿಗಿ ಬಣ್ಣಾ ಬಳದಾರ ನೋಡ. ಇದರ ಮ್ಯಾಲ ಮನಿಷ್ಯಾ ಕುಂಡ್ರೂದ?”

ನಾವು ನಕ್ಕೆವು. ಆಗ ಕಾಕಾ ವಿಮಾನದ ಕಡೆಯಿಂದ ಬಂದ. ಅಲ್ಲಿ ಬಹಳ ಹೊತ್ತು ಒಬ್ಬನೇ ನಿಂತಿದ್ದ. ಬರುವಾಗ ಅವನ ದನಿ ಅವನಿಗಿಂತ ಮುಂದೆ ಬರಲಿಲ್ಲ. ಅದು ನನಗೆ ಆಗಲೇ ವಿಚಿತ್ರವೆನಿಸಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಅಪ್ಪನ ಬೆನ್ನ ಮೇಲೆ ಕೈ ಇಟ್ಟ.

“ನೇಮೂ, ಮೊದಲ ನೀ ಹೋಗ್ಬಾ.”

“ಹುಚ್ಚ ಹಿಡದೈತೇನು? ಜಾಗಾ ನಿಂದು, ನೀ ಹೋಗು.”

“ಯಾಕ, ಅಂಜಿದಿ?”

ಅದನ್ನು ಅವನು ಮೆಲ್ಲಗೆ ಹೇಳಲಿಲ್ಲ. ಸುತ್ತಲಿನವರಿಗೆಲ್ಲ ಕೇಳುವಂತೆ, ನಗುತ್ತ ಹೇಳಿದ. ಇಚಲಕರಂಜಿಯ ಪರಿಚಿತರೂ ಅಲ್ಲಿದ್ದರು. ನಾಲ್ಕಾರು ಮುಖಗಳು ಅಪ್ಪನ ಕಡೆಗೆ ತಿರುಗಿದವು. ಅಪ್ಪ ಕಾಕಾನ ಮುಖವನ್ನೇ ಒಂದು ಕ್ಷಣ ನೋಡಿದ. ಆಮೇಲೆ ಪಗಡಿ ತೆಗೆದು ಅವ್ವನ ಕೈಗೆ ಕೊಟ್ಟು, ಧೋತರದ ಚುಂಗು ಸಿಕ್ಕಿಸಿಕೊಂಡು ನಡೆದೇ ಬಿಟ್ಟ. ಹಾಲಿಗೆ ಕಡ್ಡಿ ಅದ್ದುವ ನನ್ನಪ್ಪ!

ವಿಮಾನ ಧೂಳೆಬ್ಬಿಸಿ ಓಡಿತು, ನೆಲ ಬಿಟ್ಟಿತು, ಜಾಲಿಮರಗಳ ತಲೆ ದಾಟಿತು. ಜನ ಹೋ ಎಂದರು. ನಾನು ಕೈ ಬೀಸಬೇಕೆಂದು ಎತ್ತಿದ್ದೆ, ಅಷ್ಟರಲ್ಲಿ ಸದ್ದು ಬದಲಾಯಿತು. ಶೆಡ್ಡಿನ ಯಂತ್ರದ ಪಟ್ಟಾ ಜಾರಿದಾಗ ಮಗ್ಗಗಳೆಲ್ಲ ಒಮ್ಮೆಲೇ ಸೋತು ನಿಲ್ಲುತ್ತವಲ್ಲ, ಹಾಗೆ. ಎಂಜಿನು ಕೆಮ್ಮಿತು, ಮತ್ತೆ ಹಿಡಿಯಿತು, ಮತ್ತೆ ಕೆಮ್ಮಿ ಉಸಿರು ಬಿಟ್ಟಿತು. ಪೈಲಟ್ ನಮ್ಮ ಕಡೆಗೆ ತಿರುಗಲು ಹೋಗಲಿಲ್ಲ. ಮೂತಿ ತಗ್ಗಿಸಿ ನೇರವಾಗಿ ಮುಂದಕ್ಕೇ ಇಳಿಸಿದ. ಹಾಗೆ ಮಾಡಿದ್ದರಿಂದಲೇ ಇಬ್ಬರೂ ಬದುಕಿದರೆಂದು ಆಮೇಲೆ ತಿಳಿದವರು ಹೇಳಿದರು. ಆಗ ನನಗೆ ಕೇಳಿಸಿದ್ದು ಆಚೆಯ ಹೊಲದಲ್ಲಿ ಕಬ್ಬು ಮುರಿಯುವ ಸದ್ದು ಮಾತ್ರ.

ಎಲ್ಲರೂ ಓಡಿದೆವು. ಎಲ್ಲರಿಗಿಂತ ಮುಂದೆ ಭರಮಣ್ಣ ಕಾಕಾ. ಪಗಡಿ ಬಿದ್ದುಹೋಗಿತ್ತು, ಕಬ್ಬಿನ ಗರಿ ಕೊಯ್ದು ಮುಖದ ಮೇಲೆ ರಕ್ತ. ಓಡುತ್ತ ಒಂದೇ ಮಾತನ್ನು ಕೂಗುತ್ತಿದ್ದ: “ಅಯ್ಯೋ, ನನಗ ಗೊತ್ತಿತ್ತು! ನನಗ ಗೊತ್ತಿತ್ತು!”

ವಿಮಾನ ಕಬ್ಬಿನ ನಡುವೆ ಮೂಗು ಊರಿ ನಿಂತಿತ್ತು. ಹಣೆ ಒಡೆದ ಪೈಲಟ್ ತಾನೇ ಇಳಿದು ಬಂದು, “ಘಾಬರೂ ನಕಾ, ಘಾಬರೂ ನಕಾ” ಎಂದು ಮರಾಠಿಯಲ್ಲಿ ಅಪ್ಪನಿಗೆ ಧೈರ್ಯ ಹೇಳುತ್ತ ಅವನನ್ನು ಹೊರಗೆಳೆಯುತ್ತಿದ್ದ. ಅಪ್ಪನ ಒಂದು ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅಪ್ಪ ಚೀರಲಿಲ್ಲ. ಪೈಲಟನನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಕೂಗುತ್ತ ಬಂದ ಗೆಳೆಯನನ್ನು ಕಣ್ಣು ಮಿಟುಕಿಸದೆ ನೋಡಿದ. ಬೀಗ ಜಗ್ಗಿ ನೋಡುವ ಆ ನೋಟ ಭರಮಣ್ಣ ಕಾಕಾನ ಮೇಲೆ ಬಿದ್ದದ್ದು ಅದೇ ಮೊದಲು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪ ತಿಂಗಳುಗಟ್ಟಲೆ ಹಾಸಿಗೆಯ ಮೇಲೆ. ಕಾಲಿಗೆ ಪಟ್ಟಿ, ತಲೆಗೆ ಪುರುಸೊತ್ತು. ಸಂಶಯಕ್ಕೆ ಇನ್ನೇನು ಬೇಕು? ನೋಡಲು ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಒಂದೊಂದು ಸುದ್ದಿ ತರುತ್ತಿದ್ದರು. ಪೆಟ್ರೋಲಿನಲ್ಲಿ ಯಾರೋ ಬೆಲ್ಲ ಕದಡಿದ್ದರಂತೆ ಎಂದು ಒಬ್ಬರು. ಬೆಲ್ಲವಲ್ಲ, ರಾಕೆಲ್, ಅಂದರೆ ಸೀಮೆಎಣ್ಣೆ, ಎಂದು ಇನ್ನೊಬ್ಬರು. ಪೈಲಟನೇ ಸರಕಾರದ ಗುಪ್ತಚಾರನೆಂದು ಮತ್ತೊಬ್ಬರು. ಮುಂಬಯಿಯಿಂದ ಬಂದ ಎಂಜಿನಿಯರ್ ಸಾಹೇಬರು ಎಲ್ಲ ಬಿಚ್ಚಿ ನೋಡಿ, ನೆಲ ಬಿಟ್ಟ ಮೇಲೆ ಎಂಜಿನಿನ ಬಲ ಕುಂದಿತು, ಪೆಟ್ರೋಲಿನಲ್ಲಿ ನೀರು ಸೇರಿದ್ದೀತು, ಖಚಿತವಾಗಿ ಹೇಳಲಾಗದು ಎಂದು ಹೋದರು. ‘ಖಚಿತವಾಗಿ ಹೇಳಲಾಗದು’ ಎಂಬ ಮಾತನ್ನು ಅಪ್ಪನಂಥವನ ಕಿವಿಗೆ ಹಾಕಬಾರದಿತ್ತು.

ಕಾಕಾ ಬಂದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೈ ಮುದುಡಿಕೊಂಡು ಕೂತ. ಅಪ್ಪ ಗೋಡೆಯ ಕಡೆಗೆ ಹೊರಳಿದ. ಮಾತೇ ಬದುಕಾಗಿದ್ದ ಕಾಕಾ ಏನನ್ನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕೊನೆಗೆ ಎದ್ದು ಹೋದ. ಮತ್ತೆರಡು ಸಲ ಹಾಗೆಯೇ ಆಯಿತು. ಆಮೇಲೆ ಬರುವುದನ್ನೇ ಬಿಟ್ಟ. ಮಗ್ಗಗಳು ಹಂಚಿಹೋದವು, ಅವನ ಪಾಲಿನವು ಬೇರೆ ಶೆಡ್ಡಿಗೆ ಸಾಗಿದವು. ನನ್ನ ಮದುವೆಯ ಮಾತೆತ್ತಿದರೆ ಅಪ್ಪ “ನೋಡೂಣು” ಎನ್ನುತ್ತಿದ್ದ.

ಅವ್ವ ಒಮ್ಮೆ ತಡೆಯಲಾರದೆ ಕೇಳಿದಳು: “ಭರಮಣ್ಣ ಅಂಥಾ ಮನಿಷ್ಯಾ ಅಲ್ರಿ. ನಿಮಗ ಯಾಕ ಹಂಗ ಅನಸ್ತದ?”

“ಹಂಗಾರ ಗೊತ್ತಿತ್ತು ಅಂತ ಯಾಕ ಒದರಿದಾ? ಏನ ಗೊತ್ತಿತ್ತು ಅವಗ? ಹೋಗಬೇಕಾದಾಂವಾ ಅಂವಾ. ನನ್ನ ಯಾಕ ನೂಕಿದಾ?”

“ಅವನ್ನ ಕೇಳ್ರಿ.”

“ನಾ ಯಾಕ ಕೇಳ್ಲಿ? ಹೇಳಬೇಕಾದಾಂವಾ ಅಂವಾ.”

ನಾನು ಅವ್ವನ ಪಕ್ಷ ವಹಿಸಿದೆನೆಂದು ನೀವು ತಿಳಿದರೆ ತಪ್ಪು. ಆ ಕೂಗನ್ನು ನಾನೂ ಕೇಳಿದ್ದೆ. ಕಾಕಾ ವಿಮಾನದ ಹತ್ತಿರ ಒಬ್ಬನೇ ನಿಂತಿದ್ದನ್ನೂ ನೋಡಿದ್ದೆ. ಮುಖ ಒರೆಸಿಕೊಂಡದ್ದು ಯಾಕೆ? ಡಬ್ಬಿಗಳ ಹತ್ತಿರ ಹೋಗಿದ್ದನೇ? ಶೆಡ್ಡು ಒಬ್ಬನದೇ ಆಗಲೆಂಬ ಆಸೆ ಇತ್ತೇ? ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ಇದನ್ನೇ ಬಡಿಯುತ್ತಿದ್ದೆ. ಈ ಮನುಷ್ಯನ ಮನೆಯಲ್ಲಿ ನಾಳೆ ನಾನು ನೀರು ಕುಡಿಯಬೇಕು. ನೀರಿಗೂ ಕಡ್ಡಿ ಅದ್ದಿ ನೋಡಲಾದೀತೇ?

ಯುದ್ಧ ಶುರುವಾಗಿತ್ತು. ಅಪ್ಪ ಕೋಲು ಹಿಡಿದು ಕುಂಟುತ್ತ ನಡೆಯತೊಡಗಿದ್ದ. ಅವ್ವನ ತವರಿನ ಕಡೆಯ ಒಂದು ತೊಟ್ಟಿಲ ಕಾರ್ಯಕ್ಕೆಂದು ಅವ್ವನೂ ನಾನೂ ಗಡಹಿಂಗ್ಲಜಕ್ಕೆ ಹೋದೆವು. ಮಧ್ಯಾಹ್ನ ಹೆಂಗಸರೆಲ್ಲ ಮಾತಿಗೆ ಕೂತಾಗ ನಾನು ಮೆಲ್ಲಗೆ ಎದ್ದು ಭರಮಣ್ಣ ಕಾಕಾನ ಮನೆಗೆ ನಡೆದೆ. ಮದುವೆ ಗೊತ್ತಾದ ಹುಡುಗಿ ಗಂಡಿನ ಮನೆಗೆ ಒಬ್ಬಳೇ ಹೋಗುವುದೆಂದರೆ ಆಗ ಊರೆಲ್ಲ ಬಾಯ ಮೇಲೆ ಕೈ ಇಡುವ ಮಾತು. ಆದರೆ ಇವರಿಬ್ಬರು ಗಂಡಸರು ಕೇಳುವ ಹಾಗೂ ಇಲ್ಲ, ಹೇಳುವ ಹಾಗೂ ಇಲ್ಲ. ನನಗೋ ಬದುಕು ನಿಂತಲ್ಲೇ ನಿಂತಿತ್ತು.

ಕಾಕಾ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕೂತಿದ್ದ. ಇಳಿದುಹೋಗಿದ್ದ. ನನ್ನನ್ನು ಕಂಡು ಎದ್ದು ನಿಂತ, ಕುಂಡ್ರು ಎನ್ನಲೂ ಮರೆತ. ನಾನು ಸುತ್ತು ಬಳಸಲಿಲ್ಲ.

“ಕಾಕಾ, ಅವತ್ತ ನಿಮಗ ಏನ ಗೊತ್ತಿತ್ರಿ?”

ಮೆಣಸಿನಕಾಯಿಯ ಘಾಟಿಗೆ ಇಬ್ಬರಿಗೂ ಕಣ್ಣಲ್ಲಿ ನೀರು. ಅವನ ನೀರು ಘಾಟಿನದೋ ಬೇರೆಯದೋ ಎಂದು ನಾನು ಸಂಶಯದಿಂದಲೇ ನೋಡುತ್ತಿದ್ದೆ.

“ಆ ಎಂಜಿನ್ನಾ ನೆಲದ ಮ್ಯಾಲ ಇದ್ದಾಗನ ಒಮ್ಮೆ ಬಂದ್ ಆಗಿತ್ತು, ತಂಗಿ” ಎಂದ. “ಯಾರೂ ಲಕ್ಷ್ಯಾ ಕೊಡಲಿಲ್ಲ. ನಾ ಮಗ್ಗಲಕ್ಕ ನಿಂತಿದ್ದೆ. ಪೈಲಟ್ ಮತ್ತ ಚಾಲೂ ಮಾಡಿ, ಕಾಹೀ ನಾಹೀ, ಏನೂ ಇಲ್ಲ ಅಂದಾ. ಅವನ ಮಾತ ಖರೇನ ಇದ್ದೀತು. ಆದ್ರ ನಾ ಅಂಜಿಬಿಟ್ನಿ.”

“ಅಂಜಿಕಿ ಆಗೇತಿ, ನಾ ಒಲ್ಲೆ ಅಂದ್ರ ಮುಗೀತಿತ್ತಲ್ರಿ.”

“ಬಜಾರ ತುಂಬ ಹೇಳಕೋತ ತಿರಗಿದಾಂವಾ ನಾ. ಹೆಂಗ ಹಿಂದ ಸರೀಲಿ? ನೇಮು ಒಂದ ಸುತ್ತ ಹಾಕಿ ಬರ್ಲಿ, ಅಷ್ಟ್ರಾಗ ನನ್ನ ಎದಿ ತಣ್ಣಗಾಗ್ತೈತಿ ಅಂದಕೊಂಡೆ. ಬೀಳ್ತೈತಿ ಅಂತ ಗೊತ್ತಿರಲಿಲ್ಲ ತಂಗಿ, ದೇವರಾಣಿ. ಆದ್ರ ಗೊತ್ತಿರಲಿಲ್ಲ ಅಂತ ಹೆಂಗ ಹೇಳ್ಲಿ? ನನ್ನ ಅಂಜಿಕಿ ತಗದು ಅವನ ಕೊರಳಿಗಿ ಕಟ್ಟಿ ಕಳಿಸಿದೆ.”

ಒಳಗಿನಿಂದ ಯಾರೋ ಬಂದು ನೀರಿನ ತಂಬಿಗೆ ಇಟ್ಟರು. ಮೊದಲು ಪಾದಗಳು ಕಂಡವು. ಈ ಸಲ ನಾನು ತಲೆಯೆತ್ತಿದೆ. ಶಾಂತು ನನಗಿಂತ ಹೆಚ್ಚು ಹೆದರಿದಂತೆ ನಿಂತಿದ್ದರು. ನಾನು ಆ ನೀರು ಕುಡಿದೆ.

ಮನೆಗೆ ಬಂದು ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಹೇಳುವಾಗ ನನಗೆ ಭಯವಿತ್ತು. ಅವನ ಸಂಶಯ ಅರ್ಧವಾದರೂ ನಿಜವಾಗಿತ್ತಲ್ಲ. ಅಪ್ಪ ಕೋಲಿನ ತುದಿಯಿಂದ ನೆಲವನ್ನು ಕೆರೆದ. ಆಮೇಲೆ, “ಅವನ ಕೈ ನಡಗತಿತ್ತು” ಎಂದ.

“ಯಾರದರಿ?” ಎಂದಳು ಅವ್ವ.

“ಭರಮಂದು. ನನ್ನ ಬೆನ್ನ ಮ್ಯಾಲ ಕೈ ಇಟ್ಟಾಗ. ನನಗ ಗೊತ್ತಾತು. ಹಾಲಿನ್ಯಾಗ ನೀರ ಕಂಡ ಹಿಡಿಯಾಂವಾ ನಾ, ಅವನ ಕೈ ತಿಳೀಲಿಲ್ಲೇನು? ಅಂವಾ ಅಂಜ್ಯಾನ ಅಂತ ಗೊತ್ತಿದ್ದೂ ಹತ್ತಿದೆ. ನಾನೂ ಅಂಜಿದ್ದೆ. ಎಲ್ಲಾರ ಮುಂದ ಅಂಜಿದಿ ಏನು ಅಂತ ಕೇಳಿದ್ನಲ್ಲ, ಹೌದು ಅನ್ನಾಕ ನಾಲಗಿ ಹೊರಳಲಿಲ್ಲ.” ಮತ್ತೆ ಅಂದ: “ಇಷ್ಟ ಮಾತು ಹೇಳಾಕ ಅವನ ಕೈಲೆ ಯಾಕ ಆಗಲಿಲ್ಲ? ಅಂವಾ ಹೇಳಲಿಲ್ಲ ಅಂತ ನಾ ಏನೇನ ಕಟಗೊಂಡ ಕುಂತೆ. ಬೆಲ್ಲಾ ಕದಡಿದಾಂವಾ ಅವನ ಅಂತ ಸೈತ ಅಂದಕೊಂಡೆ.”

ಮುಂದಿನ ವಾರವೇ ಅಪ್ಪ ಗಡಹಿಂಗ್ಲಜಕ್ಕೆ ಹೊರಟ. ನಾವೂ ಜೊತೆಗಿದ್ದೆವು. ಕಾಕಾ ಬಾಗಿಲಿಗೆ ಬಂದವನು ಮೊದಲು ಕೋಲನ್ನು ನೋಡಿದ, ಆಮೇಲೆ ಕಾಲನ್ನು. ಮುಖ ನೋಡಲು ಅವನಿಗೆ ಬಹಳ ಹೊತ್ತು ಬೇಕಾಯಿತು.

“ನೇಮೂ, ನಾ ಅಂಜಿದ್ದೆ.”

“ನಾನೂ ಅಂಜಿದ್ದೆ. ಈಗ ಒಳಗ ಕರೀತಿಯೋ, ಕುಂಟನ್ನ ಬಿಸಲಾಗ ನಿಂದ್ರಸ್ತಿಯೋ?”

ಆ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಮಗ್ಗಗಳು ಮತ್ತೆ ಒಂದೇ ಶೆಡ್ಡಿಗೆ ಬರಲಿಲ್ಲ. ಕಾಕಾ ಮತ್ತೆ ನಮ್ಮಲ್ಲಿಗೆ ಬರತೊಡಗಿದ, ದನಿಯೂ ಸ್ವಲ್ಪ ಮರಳಿತು. ಅವನು ತಂದ ತುಪ್ಪವನ್ನು ಮಾತ್ರ ಅಪ್ಪ ಅಂಗೈಗೆ ಸವರಿ ಮೂಸಿ ನೋಡಿದ ಮೇಲೆಯೇ ಒಳಗೆ ಕಳಿಸುತ್ತಿದ್ದ. ಕಾಕಾ ಎದುರಿಗೇ ಕೂತು, ತನಗೆ ಅದು ಸಲ್ಲತಕ್ಕದ್ದೇ ಎಂಬಂತೆ, ಅಪ್ಪ ಮೂಸಿ ಮುಗಿಸುವವರೆಗೂ ಕಾಯುತ್ತಿದ್ದ. ಇಬ್ಬರೂ ಮುದುಕರಾಗಿ ಹೋಗುವವರೆಗೂ ಅದು ಹಾಗೆಯೇ ನಡೆಯಿತು. ಆ ಪೈಲಟ್ ಹಣೆಯ ಗಾಯ ಮಾಯ್ದು ಯುದ್ಧಕ್ಕೆ ಹೋದನೆಂದು ಕೇಳಿದ್ದೆವು. ಮುಂದೇನಾದನೋ ತಿಳಿಯದು.

ಇಷ್ಟೆಲ್ಲ ಬರೆಯುತ್ತ ಕೂತಿರುವುದಕ್ಕೆ ಇನ್ನೊಂದು ಕಾರಣವಿದೆ. ಬರುವ ವಾರ ಮಿರಜಿನಲ್ಲಿ ನಮ್ಮವರಿಗೆ ಆಪರೇಶನ್. ಹೊಟ್ಟೆಯಲ್ಲೊಂದು ಗಂಟು, ಚಿಕ್ಕದು, ತೆಗೆದರೆ ಮುಗಿಯಿತು ಎಂದು ಡಾಕ್ಟರು ಹೇಳಿದರಂತೆ. ‘ಅಂತೆ’ ಎನ್ನುವುದು ಯಾಕೆಂದರೆ ಆಗ ನಾನು ಹೊರಗೆ ಕೂತಿದ್ದೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವರು ತುತ್ತು ಬಿಟ್ಟರೆ ಗುಮಾನಿ, ಪೂರ್ತಿ ಉಂಡರೆ ನನಗಾಗಿ ಉಣ್ಣುತ್ತಿದ್ದಾರೆಂದು ಗುಮಾನಿ. ಕಂಪೌಂಡರನನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದೆ, ಅವನು ನಕ್ಕು ಜಾರಿಕೊಂಡ. ಮನೆಯಲ್ಲಿ ಅವರು “ಏನ ಆಗೂದಿಲ್ಲ ಬಿಡ” ಎನ್ನುತ್ತಾರೆ, ನಾನೂ “ಏನ ಆಗ್ತೈತ್ರಿ” ಎನ್ನುತ್ತೇನೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಧೈರ್ಯಸ್ಥರಾಗಿ ದಿನ ದೂಡುತ್ತಿದ್ದೇವೆ.

ಈಗ, ಮೇಲಿನ ಸಾಲು ಬರೆದು, ಪೆನ್ನು ಕೆಳಗಿಟ್ಟು ಪಡಸಾಲೆಗೆ ಹೋದೆ. ಶಾಂತು ಪೇಪರು ಹಿಡಿದು ಆರಾಮಕುರ್ಚಿಯಲ್ಲಿದ್ದರು.

“ನನಗ ಭಾಳ ಅಂಜಿಕಿ ಆಗೇತ್ರಿ” ಎಂದೆ. ಇಷ್ಟು ವರ್ಷಗಳ ಸಂಸಾರದಲ್ಲಿ ಆ ಮಾತನ್ನು ಅವರ ಎದುರು ಆಡಿದ್ದು ಇದೇ ಮೊದಲು.

ಅವರು ಪೇಪರು ಮಡಚಿ ಪಕ್ಕಕ್ಕಿಟ್ಟರು. ಕನ್ನಡಕ ತೆಗೆದರು.

“ನನಗೂನೂ” ಎಂದರು. “ಬಾ, ಇಲ್ಲೆ ಕುಂಡ್ರು.”

ನಾನು ಕೂತೆ. ಡಾಕ್ಟರು ಒಳಗೆ ಕರೆದು ಹೇಳಿದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೂ ನಿಧಾನವಾಗಿ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ, ಮುಖವನ್ನು ಕೆದಕಿ ನೋಡಲಿಲ್ಲ. ಹೇಳಿದಷ್ಟನ್ನೂ ನಂಬಿದೆ.